ಕಪಾಟಿನಲ್ಲಿ ಕಾದಿದ್ದ ಸಂಕೇತ

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಕುಳಿತು ನೀವು ಮೊಬೈಲ್‌ನಲ್ಲಿ ಪಾಠವೊಂದನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಟವರಿನಿಂದ ಹೊರಟ ಅಲೆ ನೀಲಗಿರಿ ತೋಪುಗಳನ್ನೂ ಗೋಡೆಗಳನ್ನೂ ದಾಟಿ ಬರುವಷ್ಟರಲ್ಲಿ ಕ್ಷೀಣಿಸಿ, ಕೆಲವು 0ಗಳು 1 ಆಗಿರುತ್ತವೆ, ಕೆಲವು 1ಗಳು 0 ಆಗಿರುತ್ತವೆ. ಆದರೂ ಚಿತ್ರ ಕೆಡುವುದಿಲ್ಲ. ಏಕೆ?

ಅಂಕಪಟ್ಟಿಯಲ್ಲಿ ಅಡ್ಡ ಮೊತ್ತವನ್ನೂ ಉದ್ದ ಮೊತ್ತವನ್ನೂ ಬರೆದಿಟ್ಟರೆ, ಎರಡೂ ತಾಳೆಯಾಗದ ಕಡೆ ತಪ್ಪು ಅಂಕಿ ಸಿಕ್ಕಿಬೀಳುತ್ತದೆ. ಮಾಹಿತಿಯ ಜೊತೆ ಇಂತಹ ತಾಳೆ ಬಿಟ್‌ಗಳನ್ನು ಸೇರಿಸಿ ಕಳುಹಿಸುವುದೇ ದೋಷ ತಿದ್ದುವ ಸಂಕೇತ. 1950ರಲ್ಲಿ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಸಂಕೇತ ಈ ಹಾದಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದು.

1960ರಲ್ಲಿ ಎಂ.ಐ.ಟಿ.ಯ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಗ್ಯಾಲಗರ್ ಇನ್ನೂ ಮುಂದೆ ಹೋದರು. ಅವರ ಸಂಕೇತದಲ್ಲಿ ತಾಳೆಗಳು ಬಹಳ, ಆದರೆ ಪ್ರತಿ ತಾಳೆಗೂ ಸೇರಿದ ಬಿಟ್‌ಗಳು ಕೆಲವೇ. ಬಿಟ್ ತನ್ನ ಅನುಮಾನವನ್ನು ತಾಳೆಗೆ ಹೇಳುತ್ತದೆ, ತಾಳೆ ತನ್ನ ಅಭಿಪ್ರಾಯವನ್ನು ಬಿಟ್‌ಗೆ ಹೇಳುತ್ತದೆ. ಈ ಮಾತುಕತೆ ಹಲವು ಸುತ್ತು ನಡೆದ ಮೇಲೆ ತಪ್ಪುಗಳು ಸರಿಹೋಗುತ್ತವೆ. ಎಲ್.ಡಿ.ಪಿ.ಸಿ. ಎಂದರೆ ಇದೇ. ಅಂದಿನ ಯಂತ್ರಗಳಿಗೆ ಇಷ್ಟು ಲೆಕ್ಕ ಭಾರವಾಯಿತು. 1963ರಲ್ಲಿ ಪುಸ್ತಕವಾಗಿ ಬಂದರೂ ವಿಚಾರ ಕಪಾಟು ಸೇರಿತು. 1990ರ ದಶಕದ ಮಧ್ಯದಲ್ಲಿ ಡೇವಿಡ್ ಮೆಕೇ ಮತ್ತು ರ್‍ಯಾಡ್‌ಫರ್ಡ್ ನೀಲ್ ಅದಕ್ಕೆ ಮರುಜೀವ ಕೊಟ್ಟರು. ಮುಂದೆ ಉಪಗ್ರಹ ಟೆಲಿವಿಷನ್ನಿನ ಡಿ.ವಿ.ಬಿ.-ಎಸ್2 ಪದ್ಧತಿ ಇದನ್ನು ಅಳವಡಿಸಿಕೊಂಡಿತು. (ಅದರಲ್ಲಿ ಜೊತೆಗಿರುವ ಬಿ.ಸಿ.ಹೆಚ್. ಸಂಕೇತದ ಹೆಸರಿನಲ್ಲಿ ನಮ್ಮ ದೇಶದ ಇಬ್ಬರು ಗಣಿತಜ್ಞರಿದ್ದಾರೆ: ರಾಜ್ ಚಂದ್ರ ಬೋಸ್ ಮತ್ತು ರೇ-ಚೌಧುರಿ.) 5ಜಿಯ ದತ್ತಾಂಶಕ್ಕೂ ಇದೇ ಕಾವಲು.

ಗ್ರಾಫಿಕ್ಸ್ ಪ್ರೊಸೆಸರ್ ಹುಟ್ಟಿದ್ದು ವೀಡಿಯೋ ಆಟಗಳಿಗಾಗಿ. ಪರದೆಯ ಸಾವಿರಾರು ಚುಕ್ಕೆಗಳಿಗೆ ಒಂದೇ ಬಗೆಯ ಲೆಕ್ಕವನ್ನು ಒಟ್ಟಿಗೆ ಮಾಡುವುದು ಅದರ ಕಸುಬು. ಗ್ಯಾಲಗರ್ ಅವರ ತಾಳೆಗಳದ್ದೂ ಅದೇ ಗುಣ; ಒಂದು ಇನ್ನೊಂದಕ್ಕಾಗಿ ಕಾಯಬೇಕಿಲ್ಲ. 2007ರಲ್ಲಿ ಎನ್‌ವಿಡಿಯಾ ಸಂಸ್ಥೆಯ ಕೂಡಾ ತಂತ್ರಾಂಶ ಬಳಕೆಗೆ ಬಂದು, ಈ ಚಿಪ್‌ಗಳಿಗೆ ಆಟದ ಹೊರಗಿನ ಲೆಕ್ಕ ಒಪ್ಪಿಸುವುದು ಸುಲಭವಾಯಿತು. 2008ರಲ್ಲೇ ಪೋರ್ಚುಗಲ್‌ನ ಗೇಬ್ರಿಯಲ್ ಫಾಲ್ಕಾವ್ ಮತ್ತು ಸಂಗಡಿಗರು ಎಲ್.ಡಿ.ಪಿ.ಸಿ. ಬಿಡಿಸುವ ಕೆಲಸವನ್ನು ಅದಕ್ಕೆ ವಹಿಸಿ ತೋರಿಸಿದರು.

ತೊಡಕುಗಳೂ ಇವೆ. 5ಜಿಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡಿಗೊಂದು ಕಂತು ಬರುತ್ತದೆ. ದತ್ತಾಂಶವನ್ನು ಕಾರ್ಡಿಗೆ ಒಯ್ದು ತರುವುದರಲ್ಲೇ ಸಮಯ ಸೋರುತ್ತದೆ. ವಿದ್ಯುತ್ತೂ ಹೆಚ್ಚು ಬೇಕು. ಆದ್ದರಿಂದ ನಿಮ್ಮ ಫೋನಿನೊಳಗೆ ಈ ಕೆಲಸಕ್ಕೆಂದೇ ಮಾಡಿದ ಸರ್ಕ್ಯೂಟ್ ಇದೆ, ಅಲ್ಲಿ ಅದೇ ಸರಿ. ಗ್ರಾಫಿಕ್ಸ್ ಪ್ರೊಸೆಸರಿನ ಜಾಗ ಟವರಿನ ಹಿಂದಿನ ಗಣಕಗಳಲ್ಲಿ ಮತ್ತು, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾಗಿ, ಕಾಲೇಜಿನ ಪ್ರಯೋಗಾಲಯದಲ್ಲಿ. ಹೊಸ ಚಿಪ್ ತಯಾರಿಸಲು ತಿಂಗಳುಗಟ್ಟಲೆ ಕಾಲವೂ ಕೋಟಿಗಟ್ಟಲೆ ಹಣವೂ ಬೇಕು. ಆಟದ ಕಾರ್ಡಿರುವ ಗಣಕದಲ್ಲಾದರೋ ಹೊಸ ಸಂಕೇತವೊಂದನ್ನು ಬರೆದು, ಬೇಕೆಂದೇ ತಪ್ಪುಗಳನ್ನು ಬೆರೆಸಿ, ಅದು ಎಷ್ಟನ್ನು ತಿದ್ದಿತೆಂದು ನೀವು ಸಂಜೆಯೊಳಗೆ ಎಣಿಸಬಹುದು.