ಮೊಬೈಲ್‌ನಲ್ಲಿ ಮೊದಲೇ ಅಳವಡಿಸಿರುವ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸುವ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಇಂದು ಬಹುಮಟ್ಟಿಗೆ ತಮ್ಮ ಮೊಬೈಲ್ ದೂರವಾಣಿಯನ್ನೇ ಅವಲಂಬಿಸಿರುತ್ತಾರೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವಾಗ, ಆಧಾರ್ ದೃಢೀಕರಣದ ವೇಳೆಯಲ್ಲಿ ಹಾಗೂ ಡಿಜಿಲಾಕರ್‌ನಿಂದ ದಾಖಲೆ ಪಡೆಯುವಾಗ ಓ.ಟಿ.ಪಿ. ಸಂಖ್ಯೆಯು ಮೊಬೈಲ್‌ಗೇ ಬರುತ್ತದೆ. ಪಿಂಚಣಿದಾರರು ಮುಖ ದೃಢೀಕರಣದ ಮೂಲಕ ಮನೆಯಿಂದಲೇ ಜೀವಿತ ಪ್ರಮಾಣ ಪತ್ರ ಸಲ್ಲಿಸುವ ವ್ಯವಸ್ಥೆಯು 2021ರ ನವೆಂಬರ್‌ನಲ್ಲಿ ಆರಂಭವಾಗಿದ್ದು, ಅದಕ್ಕೂ ಮೊಬೈಲ್‌ನ ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತಿರಬೇಕು.

ಇಂತಹ ಸಂದರ್ಭಗಳಲ್ಲಿ ಬ್ಯಾಟರಿ ಮುಗಿದು ಮೊಬೈಲ್ ಸ್ಥಗಿತಗೊಂಡರೆ ಅರ್ಜಿಯು ಅರ್ಧಕ್ಕೆ ನಿಲ್ಲುತ್ತದೆ. ಈ ತೊಂದರೆಯನ್ನು ತಪ್ಪಿಸಲು ಹಲವರು, ತಯಾರಕರು ಮೊದಲೇ ಅಳವಡಿಸಿ ಕೊಟ್ಟಿರುವ ಆ್ಯಪ್‌ಗಳನ್ನು ಒಂದೇ ಬಾರಿಗೆ ನಿಷ್ಕ್ರಿಯಗೊಳಿಸುತ್ತಾರೆ. ಆಗ ಬ್ಯಾಟರಿ ಹೆಚ್ಚು ಉಳಿಯದೆ, ಓ.ಟಿ.ಪಿ. ಬರುವ ಮಾರ್ಗವೇ ಮುಚ್ಚಿಹೋಗುವ ಸಂಭವವೂ ಇರುತ್ತದೆ. ಆದುದರಿಂದ ಈ ಕ್ರಮದಿಂದ ದೊರೆಯುವ ಪ್ರಯೋಜನ, ಅದರ ಮಿತಿ ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

2. ಸಂಕ್ಷಿಪ್ತ ಉತ್ತರ

ಆ್ಯಪ್ ಒಂದನ್ನು ನಿಷ್ಕ್ರಿಯಗೊಳಿಸುವುದರಿಂದ, ಅದು ಹಿಂದಿನಿಂದ ಎಷ್ಟು ಕೆಲಸ ಮಾಡುತ್ತಿತ್ತೋ ಅಷ್ಟು ಬ್ಯಾಟರಿ ಮಾತ್ರ ಉಳಿಯುತ್ತದೆ. ಸುಮ್ಮನೆ ಇದ್ದ ಆ್ಯಪ್ ಅನ್ನು ನಿಷ್ಕ್ರಿಯಗೊಳಿಸಿದರೆ ಬ್ಯಾಟರಿಯಲ್ಲಿ ಗಮನಾರ್ಹ ಉಳಿತಾಯ ಆಗುವುದಿಲ್ಲ. ಸಂಗ್ರಹ ಸ್ಥಳವು ಕಡಿಮೆ ಇರುವ ಹಳೆಯ ಮೊಬೈಲ್‌ಗಳಲ್ಲಿ ಸ್ವಲ್ಪ ಜಾಗ ದೊರೆತು ವೇಗ ಸುಧಾರಿಸಬಹುದು. ಯಾವ ಆ್ಯಪ್ ಎಷ್ಟು ವ್ಯಯ ಮಾಡುತ್ತಿದೆ ಎಂಬುದನ್ನು ಮೊದಲು ನೋಡಿ, ಅನಂತರ ಒಂದೊಂದಾಗಿ ನಿಷ್ಕ್ರಿಯಗೊಳಿಸುವುದು ಸೂಕ್ತ ಕ್ರಮವಾಗಿದೆ.

3. ಮೊದಲೇ ಅಳವಡಿಸಿದ ಆ್ಯಪ್‌ಗಳು ಎಂದರೇನು?

ಮೊಬೈಲ್ ಖರೀದಿಸಿದಾಗಲೇ ಅದರಲ್ಲಿ ಇರುವ ಆ್ಯಪ್‌ಗಳು ಸಾಮಾನ್ಯವಾಗಿ ಮೂರು ಬಗೆಯವು.

(ಅ) ಮೊಬೈಲ್ ನಡೆಯಲು ಅವಶ್ಯವಾದವು. ಉದಾಹರಣೆಗೆ, ಕರೆ, ಸಂದೇಶ, ಕ್ಯಾಮೆರಾ, ಕೀಲಿಮಣೆ ಮತ್ತು ಸೆಟ್ಟಿಂಗ್ಸ್.
(ಆ) ಕಾರ್ಯಾಚರಣಾ ವ್ಯವಸ್ಥೆ ಒದಗಿಸುವ ಸಂಸ್ಥೆಯ ಸೇವೆಗಳು. ಉದಾಹರಣೆಗೆ, ಭೂಪಟ, ಇ-ಮೇಲ್ ಮತ್ತು ವಿಡಿಯೋ.
(ಇ) ತಯಾರಕರು ಅಥವಾ ಇತರ ಸಂಸ್ಥೆಗಳು ವಾಣಿಜ್ಯ ಒಪ್ಪಂದದ ಮೇರೆಗೆ ಸೇರಿಸಿದವು. ಉದಾಹರಣೆಗೆ, ಆಟಗಳು, ಸುದ್ದಿ, ಖರೀದಿ ತಾಣಗಳು ಮತ್ತು ಬೀಗದ ಪರದೆಯ ಮೇಲೆ ಚಿತ್ರ ಹಾಗೂ ಜಾಹೀರಾತು ತೋರಿಸುವ ಸೇವೆಗಳು.

ಇವುಗಳನ್ನು ತೆಗೆದುಹಾಕುವ ಹಕ್ಕಿನ ಪ್ರಶ್ನೆಯು ಕಾನೂನಿನ ಪರಿಶೀಲನೆಗೂ ಒಳಪಟ್ಟಿದೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆಗೆ ರೂ. 1,337.76 ಕೋಟಿ ದಂಡ ವಿಧಿಸಿ, ಮೊದಲೇ ಅಳವಡಿಸಿದ ತನ್ನ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದನ್ನು ನಿರ್ಬಂಧಿಸಬಾರದೆಂದು ಸಹ ನಿರ್ದೇಶಿಸಿತ್ತು. 2023ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣವು ದಂಡವನ್ನು ಎತ್ತಿಹಿಡಿದು, ತೆಗೆದುಹಾಕುವಿಕೆಗೆ ಸಂಬಂಧಿಸಿದ ನಿರ್ದೇಶನವೂ ಸೇರಿದಂತೆ ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು. ಹೀಗಾಗಿ ಅನೇಕ ಮೊಬೈಲ್‌ಗಳಲ್ಲಿ (ಆ) ವರ್ಗದ ಆ್ಯಪ್‌ಗಳಿಗೆ ತೆಗೆದುಹಾಕುವ ಗುಂಡಿಯ ಬದಲು ನಿಷ್ಕ್ರಿಯಗೊಳಿಸುವ ಗುಂಡಿ ಮಾತ್ರ ಕಾಣುತ್ತದೆ.

4. ನಿಷ್ಕ್ರಿಯಗೊಳಿಸಿದಾಗ ಆಗುವುದೇನು?

ಈ ಅನುಕೂಲವು ಆಂಡ್ರಾಯ್ಡ್‌ನಲ್ಲಿ 2011ರಲ್ಲಿ ಬಿಡುಗಡೆಯಾದ 4.0ನೇ ಆವೃತ್ತಿಯಿಂದ ಲಭ್ಯವಿದೆ. ನಿಷ್ಕ್ರಿಯಗೊಂಡ ಆ್ಯಪ್‌ನ ಚಿಹ್ನೆಯು ಪರದೆಯಿಂದ ಮರೆಯಾಗುತ್ತದೆ. ಅದು ತಾನಾಗಿ ಚಾಲನೆಗೊಳ್ಳುವುದಿಲ್ಲ, ಸೂಚನೆಗಳನ್ನು ಕಳುಹಿಸುವುದಿಲ್ಲ ಮತ್ತು ಅಂತರಜಾಲದ ಡೇಟಾ ಬಳಸುವುದಿಲ್ಲ.

ಆದರೆ ಆ್ಯಪ್‌ನ ಮೂಲ ಪ್ರತಿಯು ಮೊಬೈಲ್‌ನಲ್ಲಿಯೇ ಉಳಿಯುತ್ತದೆ. ಅದು ವ್ಯವಸ್ಥೆಗೆ ಮೀಸಲಾದ ಭಾಗದಲ್ಲಿ ಇರುವುದರಿಂದ ಆ ಜಾಗವು ಬಳಕೆದಾರರಿಗೆ ದೊರೆಯುವುದಿಲ್ಲ. ಖರೀದಿಯ ನಂತರ ಬಂದ ಪರಿಷ್ಕರಣೆಗಳು ಮತ್ತು ಆ್ಯಪ್ ಸಂಗ್ರಹಿಸಿಕೊಂಡಿದ್ದ ಮಾಹಿತಿ ಅಳಿಸಿಹೋದಾಗ, ಅವು ಆಕ್ರಮಿಸಿದ್ದ ಜಾಗ ಮಾತ್ರ ಖಾಲಿಯಾಗುತ್ತದೆ. ಆದುದರಿಂದ ಟಿಪ್ಪಣಿ, ಧ್ವನಿಮುದ್ರಣ ಮುಂತಾದ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸುವ ಮೊದಲು ಅವುಗಳಲ್ಲಿರುವ ಮಾಹಿತಿಯ ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳುವುದು ಅಗತ್ಯ.

ಐಫೋನ್‌ನಲ್ಲಿ ನಿಷ್ಕ್ರಿಯಗೊಳಿಸುವ ಗುಂಡಿ ಇರುವುದಿಲ್ಲ. 2016ರಲ್ಲಿ ಬಂದ ಐ.ಓ.ಎಸ್. 10ನೇ ಆವೃತ್ತಿಯಿಂದ ಮೊದಲೇ ಇರುವ ಹಲವು ಆ್ಯಪ್‌ಗಳನ್ನು ತೆಗೆಯಲು ಅವಕಾಶ ನೀಡಲಾಗಿದ್ದು, ಬೇಕಾದಾಗ ಆ್ಯಪ್ ಸ್ಟೋರ್‌ನಿಂದ ಮರಳಿ ಪಡೆಯಬಹುದು.

5. ಬ್ಯಾಟರಿಯ ಮೇಲಿನ ಪರಿಣಾಮ

ಮೊಬೈಲ್‌ನ ಬ್ಯಾಟರಿಯನ್ನು ತಿಂಗಳ ಸಂಬಳದಂತೆ ಭಾವಿಸಬಹುದು. ಉಳಿತಾಯ ಮಾಡಬೇಕಾದವರು ಮೊದಲು ದೊಡ್ಡ ಬಾಬ್ತಿನ ಖರ್ಚನ್ನು ನೋಡಬೇಕಾಗುತ್ತದೆ. ಮೊಬೈಲ್‌ನಲ್ಲಿ ದೊಡ್ಡ ಬಾಬ್ತುಗಳು ಈ ಕೆಳಕಂಡಂತಿವೆ.

(ಅ) ಪರದೆಯ ಬೆಳಕು.
(ಆ) ದುರ್ಬಲ ಸಿಗ್ನಲ್. ಗೋಪುರ ದೂರವಿದ್ದಾಗ ಮೊಬೈಲ್ ಹೆಚ್ಚಿನ ಶಕ್ತಿಯಿಂದ ಸಂಕೇತ ಕಳುಹಿಸಬೇಕಾಗುತ್ತದೆ. ಮಲೆನಾಡಿನ ಕಣಿವೆ ಪ್ರದೇಶಗಳಲ್ಲಿ ಹಾಗೂ ಪ್ರಯಾಣದಲ್ಲಿ ಬ್ಯಾಟರಿ ಬೇಗ ಇಳಿಯಲು ಇದು ಒಂದು ಮುಖ್ಯ ಕಾರಣ.
(ಇ) ಸ್ಥಳ ಮಾಹಿತಿ, ವಿಡಿಯೋ, ಆಟ ಮತ್ತು ಕ್ಯಾಮೆರಾದ ದೀರ್ಘ ಬಳಕೆ.
(ಈ) ಬ್ಯಾಟರಿಯ ವಯಸ್ಸು.

ಆಂಡ್ರಾಯ್ಡ್ ವ್ಯವಸ್ಥೆಯೂ ಬಳಸದ ಆ್ಯಪ್‌ಗಳನ್ನು ತಾನಾಗಿ ನಿಯಂತ್ರಿಸುತ್ತದೆ. 2015ರ 6.0ನೇ ಆವೃತ್ತಿಯಲ್ಲಿ, ಮೊಬೈಲ್ ಅಲುಗಾಡದೆ ಇರುವಾಗ ಆ್ಯಪ್‌ಗಳ ಕೆಲಸವನ್ನು ಮುಂದೂಡುವ ಡೋಜ್ ವ್ಯವಸ್ಥೆ ಬಂದಿತು. 2017ರ 8.0ನೇ ಆವೃತ್ತಿಯಲ್ಲಿ ಹಿಂದಿನಿಂದ ನಡೆಯುವ ಕೆಲಸಗಳಿಗೆ ಮಿತಿ ವಿಧಿಸಲಾಯಿತು. 2018ರ 9ನೇ ಆವೃತ್ತಿಯಲ್ಲಿ ಬಳಕೆಯ ಪ್ರಮಾಣಕ್ಕೆ ಅನುಗುಣವಾಗಿ ಆ್ಯಪ್‌ಗಳನ್ನು ವರ್ಗೀಕರಿಸಲಾಯಿತು. 2021ರ 12ನೇ ಆವೃತ್ತಿಯಲ್ಲಿ ತಿಂಗಳುಗಟ್ಟಲೆ ತೆರೆಯದ ಆ್ಯಪ್‌ಗಳನ್ನು ಸುಪ್ತ ಸ್ಥಿತಿಗೆ ಒಯ್ಯುವ ವ್ಯವಸ್ಥೆ ಸೇರಿತು. ಆದ ಕಾರಣ ಹೊಸ ಮೊಬೈಲ್‌ಗಳಲ್ಲಿ ನಿಷ್ಕ್ರಿಯಗೊಳಿಸುವಿಕೆಯಿಂದ ದೊರೆಯುವ ಲಾಭವು ಹಳೆಯ ಮೊಬೈಲ್‌ಗಳಿಗಿಂತ ಸಾಮಾನ್ಯವಾಗಿ ಕಡಿಮೆ.

ಒಂದು ಸರಳ ಲೆಕ್ಕವನ್ನು ಉದಾಹರಣೆಗಾಗಿ ನೀಡಲಾಗಿದೆ. ಒಂದು ಮೊಬೈಲ್ ಪೂರ್ಣ ಚಾರ್ಜ್‌ನಲ್ಲಿ 12 ಗಂಟೆ ನಡೆಯುತ್ತದೆ ಎಂದು ಭಾವಿಸೋಣ. ಒಟ್ಟು ವ್ಯಯದಲ್ಲಿ ಒಂದು ಆ್ಯಪ್‌ನ ಪಾಲು ಶೇ. 2 ಇದ್ದರೆ, ಅದನ್ನು ಸಂಪೂರ್ಣ ನಿಲ್ಲಿಸಿದಾಗ ದೊರೆಯುವುದು ಸುಮಾರು 15 ನಿಮಿಷ. ಅದೇ ಮೊಬೈಲ್‌ನಲ್ಲಿ ಪರದೆಯ ಪಾಲು ಶೇ. 40 ಇದ್ದು, ಬೆಳಕನ್ನು ತಗ್ಗಿಸಿ ಅದರ ಕಾಲು ಭಾಗ ಉಳಿಸಿದರೆ ದೊರೆಯುವುದು ಸುಮಾರು 1 ಗಂಟೆ 20 ನಿಮಿಷ. ಇವು ಲೆಕ್ಕಕ್ಕಾಗಿ ತೆಗೆದುಕೊಂಡ ಅಂಕಿಗಳಾಗಿದ್ದು, ಪ್ರತಿ ಮೊಬೈಲ್‌ಗೂ ಪಟ್ಟಿ ಬೇರೆಯಾಗಿರುತ್ತದೆ.

ಬ್ಯಾಟರಿಯ ವಯಸ್ಸನ್ನು ಸಹ ಗಮನಿಸಬೇಕು. ಲಿಥಿಯಂ-ಅಯಾನ್ ಬ್ಯಾಟರಿಯ ಸಾಮರ್ಥ್ಯವು ಚಾರ್ಜ್ ಮಾಡಿದಂತೆಲ್ಲ ಹಾಗೂ ಬಿಸಿಯಾದಂತೆಲ್ಲ ಕುಗ್ಗುತ್ತದೆ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯ ಸಾಮರ್ಥ್ಯ ಶೇ. 80ಕ್ಕೆ ಇಳಿದರೆ ಉಳಿಯುವುದು 4000 ಮಾತ್ರ. ಕಳೆದುಹೋದ 1000 ಅನ್ನು ಯಾವ ಆ್ಯಪ್ ನಿಲ್ಲಿಸಿದರೂ ಮರಳಿ ಪಡೆಯಲಾಗದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20 ರಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನ್‌ಗಳ ಬ್ಯಾಟರಿಯು 800 ಚಾರ್ಜ್ ಆವರ್ತನಗಳ ನಂತರವೂ ಕನಿಷ್ಠ ಶೇ. 80 ಸಾಮರ್ಥ್ಯ ಉಳಿಸಿಕೊಂಡಿರಬೇಕೆಂದು ನಿಯಮವಿದೆ. ಮೂರು ನಾಲ್ಕು ವರ್ಷ ಬಳಸಿದ ಮೊಬೈಲ್ ಮಧ್ಯಾಹ್ನಕ್ಕೇ ಸ್ಥಗಿತಗೊಳ್ಳುತ್ತಿದ್ದರೆ ಅಧಿಕೃತ ಸೇವಾ ಕೇಂದ್ರದಲ್ಲಿ ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳುವುದು ಹೆಚ್ಚು ಉಪಯುಕ್ತ.

6. ವೇಗದ ಮೇಲಿನ ಪರಿಣಾಮ

ಮೊಬೈಲ್ ನಿಧಾನವಾಗಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಮೊದಲನೆಯದು, ಸಂಗ್ರಹ ಸ್ಥಳವು ಬಹುತೇಕ ತುಂಬಿರುವುದು. ಆಗ ಹೊಸ ಮಾಹಿತಿ ಬರೆಯುವ ಕೆಲಸ ನಿಧಾನವಾಗುತ್ತದೆ ಮತ್ತು ದಾಖಲೆಗಳನ್ನು ಅಪ್‌ಲೋಡ್ ಮಾಡಲು ಛಾಯಾಚಿತ್ರ ತೆಗೆಯುವುದೂ ಕಷ್ಟವಾಗುತ್ತದೆ. ಎರಡನೆಯದು, ರ್‍ಯಾಮ್ ಎಂಬ ಕಾರ್ಯಸ್ಮೃತಿ ಕಡಿಮೆ ಇರುವುದು. 2 ಅಥವಾ 3 ಜಿ.ಬಿ. ರ್‍ಯಾಮ್ ಇರುವ ಮೊಬೈಲ್‌ಗಳಲ್ಲಿ ಹಿಂದಿನಿಂದ ಎಚ್ಚೆತ್ತುಕೊಳ್ಳುವ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸಿದರೆ ವ್ಯತ್ಯಾಸ ಕಾಣಬಹುದು. ಹೆಚ್ಚು ರ್‍ಯಾಮ್ ಇರುವ ಮೊಬೈಲ್‌ಗಳಲ್ಲಿ ಈ ವ್ಯತ್ಯಾಸ ಗಮನಕ್ಕೆ ಬರುವುದು ವಿರಳ.

7. ನಿಷ್ಕ್ರಿಯಗೊಳಿಸಬಾರದ ಆ್ಯಪ್‌ಗಳು

ಈ ಕೆಳಗಿನವುಗಳನ್ನು ಯಾವ ಕಾರಣಕ್ಕೂ ನಿಷ್ಕ್ರಿಯಗೊಳಿಸದಂತೆ ಅರ್ಜಿದಾರರಲ್ಲಿ ಕೋರಲಾಗಿದೆ.

(ಅ) ಕರೆ ಮತ್ತು ಸಂದೇಶ ಆ್ಯಪ್‌ಗಳು: ಓ.ಟಿ.ಪಿ. ಬರುವುದು ಸಂದೇಶ ಆ್ಯಪ್‌ಗೆ.
(ಆ) ಗೂಗಲ್ ಪ್ಲೇ ಸರ್ವಿಸಸ್: ಇತರ ಆ್ಯಪ್‌ಗಳ ಸೂಚನೆ ಮತ್ತು ಸ್ಥಳ ಮಾಹಿತಿ ಇದರ ಮೂಲಕ ಬರುತ್ತದೆ.
(ಇ) ಗೂಗಲ್ ಪ್ಲೇ ಸ್ಟೋರ್: ಸುರಕ್ಷತಾ ಪರಿಷ್ಕರಣೆಗಳು ಇದರಿಂದ ಬರುತ್ತವೆ.
(ಈ) ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ: ಇದಕ್ಕೆ ಚಿಹ್ನೆ ಇಲ್ಲದಿರುವುದರಿಂದ ಅನಗತ್ಯವೆಂದು ತೋರಬಹುದು. ಆದರೆ ಅನೇಕ ಆ್ಯಪ್‌ಗಳು ತಮ್ಮೊಳಗೆ ಜಾಲಪುಟವನ್ನು ತೋರಿಸಲು ಇದನ್ನೇ ಬಳಸುತ್ತವೆ. 2021ರ ಮಾರ್ಚ್‌ನಲ್ಲಿ ಇದರ ಒಂದು ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಹಲವು ಆ್ಯಪ್‌ಗಳು ತೆರೆದೊಡನೆ ಮುಚ್ಚಿಕೊಳ್ಳುತ್ತಿದ್ದವು.
(ಉ) ಕ್ಯಾಮೆರಾ ಮತ್ತು ಕೀಲಿಮಣೆ: ಕನ್ನಡದಲ್ಲಿ ಅರ್ಜಿ ತುಂಬುವವರು ಕನ್ನಡ ಕೀಲಿಮಣೆಯನ್ನು ಉಳಿಸಿಕೊಳ್ಳತಕ್ಕದ್ದು.

ಹೆಸರು ಪರಿಚಯವಿಲ್ಲದ ಯಾವುದೇ ವ್ಯವಸ್ಥಾ ಆ್ಯಪ್ ಅನ್ನು ಮುಟ್ಟದಿರುವುದು ಕ್ಷೇಮ.

8. ಅನುಸರಿಸಬೇಕಾದ ಕ್ರಮ

(1) ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗವನ್ನು ತೆರೆದು ಬಳಕೆಯ ಪಟ್ಟಿಯನ್ನು ನೋಡುವುದು. ಹೆಚ್ಚು ಬಳಸಿರುವ ಮೊದಲ ಐದು ಬಾಬ್ತುಗಳನ್ನು ಬರೆದುಕೊಳ್ಳುವುದು.
(2) ಆ ಪಟ್ಟಿಯಲ್ಲಿ ತಾವು ಬಳಸದ ಆ್ಯಪ್ ಇದ್ದರೆ ಮಾತ್ರ ಮುಂದುವರಿಯುವುದು. ಸುದ್ದಿ, ಹವಾಮಾನ, ಬೀಗದ ಪರದೆಯ ಜಾಹೀರಾತು ಮುಂತಾದ, ಆಗಾಗ್ಗೆ ಮಾಹಿತಿ ತರಿಸಿಕೊಳ್ಳುವ ಆ್ಯಪ್‌ಗಳನ್ನು ಮೊದಲು ಪರಿಶೀಲಿಸುವುದು.
(3) ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಆ ಆ್ಯಪ್‌ನ ಹೆಸರನ್ನು ಒತ್ತುವುದು. 'ಅನ್‌ಇನ್‌ಸ್ಟಾಲ್' ಗುಂಡಿ ಇದ್ದರೆ ತೆಗೆದುಹಾಕುವುದು. ಇಲ್ಲದಿದ್ದರೆ 'ಡಿಸೇಬಲ್' ಅಥವಾ 'ನಿಷ್ಕ್ರಿಯಗೊಳಿಸಿ' ಎಂಬುದನ್ನು ಒತ್ತುವುದು.
(4) ಒಂದು ಬಾರಿಗೆ ಒಂದು ಆ್ಯಪ್ ಅನ್ನು ಮಾತ್ರ ನಿಷ್ಕ್ರಿಯಗೊಳಿಸಿ ಎರಡು ಮೂರು ದಿನ ಗಮನಿಸುವುದು. ಕರೆ, ಸಂದೇಶ, ಬ್ಯಾಂಕ್ ಮತ್ತು ಡಿಜಿಲಾಕರ್ ಸರಿಯಾಗಿ ನಡೆಯುತ್ತಿವೆಯೇ ಎಂದು ಪರೀಕ್ಷಿಸುವುದು.
(5) ತೊಂದರೆ ಕಂಡುಬಂದಲ್ಲಿ ಅದೇ ಸ್ಥಳದಲ್ಲಿ 'ಎನೇಬಲ್' ಅಥವಾ 'ಸಕ್ರಿಯಗೊಳಿಸಿ' ಎಂಬುದನ್ನು ಒತ್ತಿ ಪೂರ್ವಸ್ಥಿತಿಗೆ ತರುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನು ಆಗಾಗ್ಗೆ ಸರಿಸಿ ಮುಚ್ಚಿದರೆ ಬ್ಯಾಟರಿ ಉಳಿಯುವುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಅವುಗಳಲ್ಲಿ ಹೆಚ್ಚಿನವು ಸ್ಮೃತಿಯಲ್ಲಿ ಸುಮ್ಮನೆ ಇರುತ್ತವೆ. ಜಾಗ ಬೇಕಾದಾಗ ವ್ಯವಸ್ಥೆಯೇ ಅವುಗಳನ್ನು ಮುಚ್ಚುತ್ತದೆ. ಮುಚ್ಚಿದ ಆ್ಯಪ್ ಅನ್ನು ಮೊದಲಿನಿಂದ ತೆರೆಯಲು ಹೆಚ್ಚು ಶಕ್ತಿ ಬೇಕಾಗುತ್ತದೆ.

ಪ್ರಶ್ನೆ: ಬ್ಯಾಟರಿ ಉಳಿಸುವ ಅಥವಾ ವೇಗ ಹೆಚ್ಚಿಸುವ ಪ್ರತ್ಯೇಕ ಆ್ಯಪ್ ಹಾಕಿಕೊಳ್ಳಬಹುದೇ?
ಉತ್ತರ: ಅವಶ್ಯಕತೆ ಇರುವುದಿಲ್ಲ. ಮೊಬೈಲ್‌ನಲ್ಲಿಯೇ ಇರುವ ಬ್ಯಾಟರಿ ಸೇವರ್ ಸಾಕು. ಸಂದೇಶದ ಮೂಲಕ ಬರುವ ಫೈಲ್‌ಗಳನ್ನು ಯಾವ ಹೆಸರಿನಲ್ಲಿ ಬಂದರೂ ಅಳವಡಿಸಬಾರದು.

ಪ್ರಶ್ನೆ: ರೂಟ್ ಮಾಡಿ ಎಲ್ಲ ಆ್ಯಪ್‌ಗಳನ್ನೂ ತೆಗೆಯಬಹುದೇ?
ಉತ್ತರ: ಸೂಕ್ತವಲ್ಲ. ರೂಟ್ ಮಾಡಿದ ಮೊಬೈಲ್‌ನಲ್ಲಿ ಬ್ಯಾಂಕ್ ಹಾಗೂ ಪಾವತಿ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸಬಹುದು.

ಪ್ರಶ್ನೆ: ಅಂಗಡಿಯವರಿಂದ ಅಥವಾ ಪರಿಚಿತರಿಂದ ಈ ಕೆಲಸ ಮಾಡಿಸಿಕೊಳ್ಳಬಹುದೇ?
ಉತ್ತರ: ತಮ್ಮ ಎದುರಿನಲ್ಲಿಯೇ ಮಾಡಿಸಿಕೊಳ್ಳುವುದು ಒಳಿತು. ನಿಷ್ಕ್ರಿಯಗೊಳಿಸಿದ ಆ್ಯಪ್‌ಗಳ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು. ಪಿನ್ ಸಂಖ್ಯೆ ಮತ್ತು ಓ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು.

10. ಅರ್ಜಿ ಸಲ್ಲಿಸುವ ದಿನ

ಅರ್ಜಿ ಸಲ್ಲಿಸುವ ದಿನ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸ ಬದಲಾವಣೆ ಮಾಡದಿರುವುದು ಉತ್ತಮ. ಮೊಬೈಲ್ ಅನ್ನು ಪೂರ್ಣ ಚಾರ್ಜ್ ಮಾಡಿಕೊಂಡು, ಪರದೆಯ ಬೆಳಕನ್ನು ತಗ್ಗಿಸಿ, ಸಿಗ್ನಲ್ ಉತ್ತಮವಾಗಿರುವ ಸ್ಥಳದಲ್ಲಿ ಕುಳಿತು ಅರ್ಜಿ ಆರಂಭಿಸುವುದು. ಮುಖ ದೃಢೀಕರಣ ಮಾಡುವ ಪಿಂಚಣಿದಾರರು ಕ್ಯಾಮೆರಾ ತೆರೆಯುತ್ತದೆಯೇ ಎಂದು ಮುಂಚಿತವಾಗಿ ನೋಡಿಕೊಳ್ಳುವುದು. ಓ.ಟಿ.ಪಿ. ಬಾರದಿದ್ದಲ್ಲಿ, ಸಂದೇಶ ಆ್ಯಪ್ ಸಕ್ರಿಯವಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸುವುದು.

ವಿ.ಸೂ.: ಗುಂಡಿಗಳ ಹೆಸರು ಮತ್ತು ಸ್ಥಾನವು ತಯಾರಕರು ಹಾಗೂ ಆವೃತ್ತಿಗೆ ಅನುಗುಣವಾಗಿ ಸ್ವಲ್ಪ ಬೇರೆಯಾಗಿರಬಹುದು. ಈ ಮಾಹಿತಿಯು ನಾಗರಿಕರ ಅನುಕೂಲಕ್ಕಾಗಿ ಮಾತ್ರ ಇದ್ದು, ಸೇವೆ ಪಡೆಯಲು ಯಾವುದೇ ಆ್ಯಪ್ ಅನ್ನು ನಿಷ್ಕ್ರಿಯಗೊಳಿಸುವುದು ಕಡ್ಡಾಯವಲ್ಲ.