ಧಾರಣೆಯೂ ಸದಸ್ಯನೂ: ಕ್ಯಾಂಪ್ಕೊ ನಡೆದ ದಾರಿ

ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿ ಕರಾವಳಿಯ ಬೆಳೆಗಾರರು ಕಂಗೆಟ್ಟಿದ್ದಾಗ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1973ರ ಜುಲೈ 11ರಂದು ಮಂಗಳೂರನ್ನು ಕೇಂದ್ರವಾಗಿಸಿಕೊಂಡು ಅದು ಸ್ಥಾಪನೆಯಾಯಿತು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರೂ ಗಡಿಯ ಎರಡು ಕಡೆಯ ತೋಟಗಳ ಬೆಳೆ ಒಂದೇ, ವ್ಯಾಪಾರವೂ ಒಂದೇ. ಆದ್ದರಿಂದ ಎರಡೂ ರಾಜ್ಯಗಳ ಬೆಳೆಗಾರರು ಇದರ ಸದಸ್ಯರಾದರು.

ಸಹಕಾರಿ ಸಂಸ್ಥೆಯ ಆಡಳಿತಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಮಹಾಸಭೆಯಲ್ಲಲ್ಲ, ಖರೀದಿ ಕೇಂದ್ರದಲ್ಲಿ. ಚಾಲಿ ಅಡಿಕೆಯಲ್ಲಿ ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ದರ್ಜೆಗಳುಂಟು. ಪರಿಚಯದ ಸದಸ್ಯನೆಂದು ದರ್ಜೆಯಲ್ಲಿ ಸಡಿಲ ಬಿಟ್ಟರೆ ಗುಜರಾತಿನ ಮಾರುಕಟ್ಟೆಯಲ್ಲಿ ಮಾಲಿಗೆ ಬೆಲೆ ಸಿಗದು. ತೀರ ಬಿಗಿ ಮಾಡಿದರೆ ಆತ ಮೂಟೆ ಹೊತ್ತು ಖಾಸಗಿ ವರ್ತಕರ ಮಂಡಿಗೆ ನಡೆಯುತ್ತಾನೆ. ಹೆಚ್ಚು ಧಾರಣೆ ಕೇಳುವವನೂ ಸದಸ್ಯನೇ, ನಷ್ಟವಾದರೆ ಅದನ್ನು ಹೊರಬೇಕಾದವನೂ ಅವನೇ. ಹೀಗಾಗಿ ದರ್ಜೆಯ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲದಿರುವುದೇ ಎಲ್ಲ ಸದಸ್ಯರಿಗೂ ಹಿತ. ಊರೂರಿನ ಖರೀದಿ ಶಾಖೆಗಳಿಗೆ ಖರ್ಚು ಹೆಚ್ಚೆಂಬುದೇನೋ ಸರಿ. ಆದರೆ ವರ್ತಕರಿಗೆ ಅಡಿಕೆ ಕೊಡುವವರೂ ಮೊದಲು ವಿಚಾರಿಸುವುದು ಕ್ಯಾಂಪ್ಕೊ ಧಾರಣೆಯನ್ನೇ. ಈ ಲಾಭ ಯಾವ ಆಯವ್ಯಯ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಸದಸ್ಯರ ಹಿತ ಕಾಯುವುದು, ವ್ಯಾಪಾರದ ಲೆಕ್ಕ ಸರಿದೂಗಿಸುವುದು ಎಂಬ ಎರಡು ಹೊಣೆಗಳು ಮುಖಾಮುಖಿಯಾದದ್ದು ಕೊಕ್ಕೊ ಪ್ರಕರಣದಲ್ಲಿ. ಅಡಿಕೆ ತೋಟಗಳ ನೆರಳಿನಲ್ಲಿ ಉಪಬೆಳೆಯಾಗಿ ಹಬ್ಬಿದ್ದ ಕೊಕ್ಕೊವನ್ನು ಎಪ್ಪತ್ತರ ದಶಕದ ಕೊನೆಗೆ ಕೊಳ್ಳುವವರಿಲ್ಲದಂತಾಯಿತು. ಚಾಲಿಯನ್ನಾದರೆ ಒಳ್ಳೆಯ ಬೆಲೆ ಬರುವವರೆಗೆ ಅಟ್ಟದಲ್ಲಿಡಬಹುದು. ಕೊಕ್ಕೊ ಹಾಗಲ್ಲ; ಕಾಯಿ ಒಡೆದ ಮೇಲೆ ಹಸಿ ಬೀಜವನ್ನು ತಡಮಾಡದೆ ಹುದುಗಿಗೆ ಹಾಕಲೇಬೇಕು, ಇಲ್ಲದಿದ್ದರೆ ಕೆಡುತ್ತದೆ. ಬರಿಯ ವ್ಯಾಪಾರದ ಲೆಕ್ಕ ಹಿಡಿದಿದ್ದರೆ ಅಡಿಕೆಗೆಂದೇ ಕಟ್ಟಿದ ಸಂಸ್ಥೆ ದೂರ ಉಳಿಯಬೇಕಿತ್ತು. ಕ್ಯಾಂಪ್ಕೊ ಖರೀದಿಗೆ ಇಳಿಯಿತು.

ಆದರೆ ಕೊಂಡ ಬೀಜಕ್ಕೆ ಗಿರಾಕಿ ಬೇಕಲ್ಲ. ಕನಿಕರದಿಂದ ನಡೆಸುವ ಖರೀದಿ ಒಂದೆರಡು ಕೊಯ್ಲು ನಡೆದೀತು, ಆಮೇಲೆ ಸಂಸ್ಥೆಯೇ ಮುಳುಗುತ್ತದೆ. ಅದಕ್ಕೆ ಕಂಡುಕೊಂಡ ಉತ್ತರ ಪುತ್ತೂರಿನ ಕೆಮ್ಮಿಂಜೆಯ ಚಾಕೊಲೇಟ್ ಕಾರ್ಖಾನೆ. 1986ರಲ್ಲಿ ಅದನ್ನು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಸದಸ್ಯರನ್ನು ಉಳಿಸಲು ಹೊರಟ ಖರೀದಿಗೆ ಕಾರ್ಖಾನೆಯಿಂದ ಲೆಕ್ಕದ ಬಲ ಬಂತು. ಕಾರ್ಖಾನೆಗೆ ಬೇಕಾದ ಬೀಜ ಆ ಸದಸ್ಯರ ತೋಟಗಳಿಂದಲೇ ಬಂತು. ಕ್ಯಾಂಪ್ಕೊ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಎನ್ನಬಹುದು.

2023ರಲ್ಲಿ ಸಂಸ್ಥೆಗೆ ಐವತ್ತು ತುಂಬಿತು. ಅಡಿಕೆ, ಕೊಕ್ಕೊಗಳ ಜೊತೆಗೆ ಸದಸ್ಯರ ಕಾಳುಮೆಣಸು, ರಬ್ಬರುಗಳೂ ಅದರ ಖರೀದಿ ಪಟ್ಟಿಗೆ ಸೇರಿವೆ.