ಸಂತರ ಹೆಸರು ಹೊತ್ತ ನಾಯಿಗಳು

ಕೊರಳಿಗೆ ಪುಟ್ಟ ಪೀಪಾಯಿ ಕಟ್ಟಿಕೊಂಡು ಹಿಮದ ನಡುವೆ ನಿಂತ ದೊಡ್ಡ ನಾಯಿಯ ಚಿತ್ರವನ್ನು ನಮ್ಮಲ್ಲಿ ಅನೇಕರು ಕ್ಯಾಲೆಂಡರುಗಳಲ್ಲಿ ಕಂಡಿದ್ದೇವೆ. ಆ ಪೀಪಾಯಿ ಹೆಸರಾದದ್ದು ಆಂಗ್ಲ ಕಲಾವಿದ ಲ್ಯಾಂಡ್‌ಸೀರ್ 1820ರಲ್ಲಿ ರಚಿಸಿದ ಚಿತ್ರದಿಂದ. ನಾಯಿ ಮಾತ್ರ ನಿಜ. ಅದರ ಕಥೆ ನಮ್ಮ ಧರ್ಮಸಭೆಯ ಚರಿತ್ರೆಗೂ ಸೇರಿದ್ದು.

ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ, ಆಲ್ಪ್ಸ್ ಪರ್ವತದ 2,469 ಮೀಟರ್ ಎತ್ತರದಲ್ಲಿ ಒಂದು ಘಟ್ಟದ ದಾರಿಯಿದೆ. 11ನೇ ಶತಮಾನದ ನಡುವಿನಲ್ಲಿ ಸಂತ ಬರ್ನಾರ್ಡರು ಅಲ್ಲಿ ದಾರಿಹೋಕರಿಗಾಗಿ ತಂಗುಮಠವೊಂದನ್ನು ಸ್ಥಾಪಿಸಿದರು. (ಇವರು ಕ್ಲೇರ್ವೋ ಮಠಾಧಿಪತಿ ಬರ್ನಾರ್ಡರಲ್ಲ; ಗುರುಮಠದ ದಿನಗಳಲ್ಲಿ ಆ ಗೊಂದಲ ನನಗೂ ಇತ್ತು.) ಅಗಸ್ತೀನರ ನಿಯಮ ಪಾಲಿಸುವ ಅಲ್ಲಿನ ಗುರುಗಳು 17ನೇ ಶತಮಾನದಿಂದ ನಾಯಿಗಳನ್ನು ಸಾಕಿದರು. ಮೊದಲು ಕಾವಲಿಗೆ, ಅನಂತರ ಹಿಮದಲ್ಲಿ ಕಳೆದುಹೋದವರ ಶೋಧನೆಗೆ. 1800ರಿಂದ 1814ರವರೆಗೆ ಬದುಕಿದ ಬ್ಯಾರಿ ಎಂಬ ನಾಯಿ 40ಕ್ಕೂ ಹೆಚ್ಚು ಜನರ ಜೀವ ಉಳಿಸಿತೆಂದು ಪ್ರತೀತಿ.

ಗುರುಗಳು ನಾಯಿಯ ಅಂದವನ್ನು ನೋಡಲಿಲ್ಲ; ಹಿಮದಲ್ಲಿ ನಡೆಯಬಲ್ಲುದೇ, ವಾಸನೆ ಹಿಡಿಯಬಲ್ಲುದೇ ಎಂದಷ್ಟೇ ನೋಡಿದರು. ಆದರೆ 1816ರಿಂದ 1818ರವರೆಗಿನ ಭೀಕರ ಚಳಿಗಾಲಗಳಲ್ಲಿ ಅನೇಕ ನಾಯಿಗಳು ಹಿಮಪಾತಕ್ಕೆ ಸಿಕ್ಕಿ ಸತ್ತವು. ಉಳಿದ ಕೆಲವೇ ನಾಯಿಗಳಲ್ಲಿ ಒಂದಕ್ಕೊಂದು ಕೂಡಿ ಮರಿಗಳು ದುರ್ಬಲವಾಗತೊಡಗಿದವು. 1830ರ ಸುಮಾರಿಗೆ ನ್ಯೂಫೌಂಡ್‌ಲ್ಯಾಂಡ್ ತಳಿಯ ಹೊಸ ರಕ್ತವನ್ನು ಬೆರೆಸಲಾಯಿತು. ಉದ್ದೇಶ ಸರಿಯಾಗಿತ್ತು, ಫಲ ಅರ್ಧ ಮಾತ್ರ: ಉದ್ದಕೂದಲಿನ ಮರಿಗಳು ಹುಟ್ಟಿದವು, ಕೂದಲಿಗೆ ಮಂಜುಗಡ್ಡೆ ಅಂಟಿಕೊಂಡು ನಡೆಯಲಾರದಾದವು. ಅವನ್ನು ಕಣಿವೆಯ ಜನರಿಗೆ ಕೊಟ್ಟುಬಿಟ್ಟರು.

ಕಣಿವೆಯಲ್ಲಿ ಕಥೆ ಬೇರೆ ತಿರುವು ಪಡೆಯಿತು. 1884ರಲ್ಲಿ ಸ್ವಿಸ್ ನಾಯಿಗಳ ವಂಶಾವಳಿ ಪುಸ್ತಕ ಆರಂಭವಾಯಿತು. ಮೊದಲ ಹೆಸರು ಒಂದು ಸೇಂಟ್ ಬರ್ನಾರ್ಡ್ ನಾಯಿಯದೇ. 1887ರಲ್ಲಿ ತಳಿಯ ಲಕ್ಷಣಗಳು ಗೊತ್ತುಪಡಿಸಲ್ಪಟ್ಟವು. ಪ್ರದರ್ಶನಗಳಲ್ಲಿ ಬಹುಮಾನ ಪಡೆದ ಗಂಡುನಾಯಿಯ ಸಂತಾನಕ್ಕೇ ಬೇಡಿಕೆ. ಆದ್ದರಿಂದ ಅದನ್ನು ಮೊಮ್ಮಗಳ ಜೊತೆಗೂ ಕೂಡಿಸಿದರು. 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸುಮಾರು 120 ವರ್ಷಗಳ ಅವಧಿಯ 47 ತಲೆಬುರುಡೆಗಳನ್ನು ಅಳೆದು, ತಲೆ ಅಗಲವಾಗುತ್ತ ಮೂತಿ ಹಣೆಗಳ ನಡುವಿನ ಇಳಿಜಾರು ಕಡಿದಾಗುತ್ತ ಬಂದಿದೆಯೆಂದು ತೋರಿಸಿತು. ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಬ್ಯಾರಿಯ ದೇಹವನ್ನು 1923ರಲ್ಲಿ ಹೊಸದಾಗಿ ಕಟ್ಟುವಾಗ, ಅದರ ತಲೆಯನ್ನೇ ಅಂದಿನ ತಳಿಗೆ ಹೋಲುವಂತೆ ತಿದ್ದಿದರಂತೆ!

ರಕ್ತಸಂಬಂಧದೊಳಗೇ ಕೂಡಿಸಿದರೆ ಆಗುವುದೇನು? ಪ್ರತಿ ಜೀವಿಯಲ್ಲೂ ಕೆಲವು ದೋಷಗಳು ಅಡಗಿರುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಅದೇ ದೋಷ ಬಂದಾಗ ಅದು ಹೊರಗೆ ಕಾಣುತ್ತದೆ. ಸಂಬಂಧ ಹತ್ತಿರವಾದಷ್ಟೂ ಆ ಸಂಭವ ಹೆಚ್ಚು. ಒಡಹುಟ್ಟಿದ ಜೋಡಿಯ ಮರಿಯಲ್ಲಿ ನಾಲ್ಕರಲ್ಲೊಂದು ಪಾಲು ವಂಶವಾಹಿಗಳು ಎರಡು ಕಡೆಯಿಂದಲೂ ಒಂದೇ ಮೂಲದವಾಗಿರಬಹುದು. ವಿವಾಹಕ್ಕೆ ಮುನ್ನ ನಾವು ಗುರುಗಳು ರಕ್ತಸಂಬಂಧದ ಅಡ್ಡಿಯನ್ನು ವಿಚಾರಿಸುವುದು ನಿಮಗೆ ಗೊತ್ತೇ ಇದೆ; ನಾಯಿಗೆ ಹಾಗೆ ಕೇಳುವವರು ಬಹುಕಾಲ ಇರಲಿಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ ಹೆತ್ತವರು ಮತ್ತು ಮರಿ, ಒಡಹುಟ್ಟಿದವು ಇವುಗಳ ಕೂಟದಿಂದ ಹುಟ್ಟಿದ ಮರಿಗಳ ನೋಂದಣಿಯನ್ನು 2009ರಲ್ಲಷ್ಟೇ ನಿಲ್ಲಿಸಿತು. ಇಂದು ಈ ತಳಿಯನ್ನು ಸೊಂಟದ ಕೀಲಿನ ದೋಷ, ಮೂಳೆ ಕ್ಯಾನ್ಸರ್, ಹೃದ್ರೋಗಗಳು ಕಾಡುತ್ತಿವೆ.

ಮಠದ ಗುರುಗಳು ತಮ್ಮ ನಾಯಿಗಳನ್ನು ಒಪ್ಪಿಸಿದ ಬ್ಯಾರಿ ಪ್ರತಿಷ್ಠಾನ 2005ರಿಂದ ಮಾರ್ಟಿನಿ ಪಟ್ಟಣದಲ್ಲಿದೆ. ಬೇಸಿಗೆಯಲ್ಲಿ ನಾಯಿಗಳು ಈಗಲೂ ಘಟ್ಟವನ್ನೇರುತ್ತವೆ.

ನಮ್ಮ ನಗರಗಳಲ್ಲೂ ಈ ತಳಿಯ ಮರಿಗಳು ಮಾರಾಟವಾಗುತ್ತಿವೆ. ನಾನು ಬಲ್ಲ ಕುಟುಂಬವೊಂದು ಮಗನ ಆಸೆಗೆಂದು ಒಂದನ್ನು ತಂದಿತು. ಎರಡು ವರ್ಷ ತುಂಬುವಷ್ಟರಲ್ಲಿ ಹಿಂಗಾಲೆತ್ತಿ ಮೆಟ್ಟಿಲೇರಲಾರದಾಯಿತು. ಮಾರಿದವರು ಕೊಟ್ಟ ಕಾಗದವನ್ನು ತಂದೆ ಆಗ ಮೊದಲ ಬಾರಿ ಓದಿದರು. ತಂದೆಯ ಕಡೆಯೂ ತಾಯಿಯ ಕಡೆಯೂ ತಾತನ ಹೆಸರು ಒಂದೇ ಇತ್ತು. "ಫಾದರ್, ಇದನ್ನು ಕೊಳ್ಳುವ ದಿನವೇ ಓದಬಹುದಿತ್ತಲ್ಲ" ಎಂದರು. ನಾಯಿ ಅವರ ಪಾದದ ಬಳಿ, ಒದ್ದೆ ಗೋಣಿಚೀಲದ ಮೇಲೆ ಮಲಗಿತ್ತು.